ಬರ್ಮುಡಾ ಲಾನ್ ಬೆಳವಣಿಗೆಗೆ ಕಡಿವಾಣ ಹಾಕುವ ಔಷಧಿ: ಹೊಡೆದವರು ಯಾರಾದರೂ ಇದ್ದೀರಾ?

ಎರೆಮಣ್ಣು (ಡಲ್ಲಾಸ್ ಬಳಿ) · ಮೇ 11

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವನು. ಡಲ್ಲಾಸಿನ ಉತ್ತರಕ್ಕೆ ಮನೆ ತೆಗೆದುಕೊಂಡು ನಾಲ್ಕು ವರ್ಷವಾಯಿತು. ಇಲ್ಲಿನ ಮಣ್ಣು ನೋಡಿ ಮೊದಲ ದಿನವೇ ನಗು ಬಂದಿತ್ತು. ಥೇಟ್ ನಮ್ಮ ಎರೆ ಭೂಮಿ. ಮಳೆ ಬಂದರೆ ಬೂಟಿಗೆ ಮೆತ್ತಿಕೊಳ್ಳುತ್ತದೆ, ಜುಲೈ ಬಂದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ.

ವಿಷಯಕ್ಕೆ ಬರುತ್ತೇನೆ. ಸುಮಾರು 4000 ಚದರಡಿ ಲಾನ್ ಇದೆ. ಹುಲ್ಲು ಟಿಫ್‌ವೇ 419, ಅಂದರೆ ಹೈಬ್ರಿಡ್ ಬರ್ಮುಡಾ. ಒಂದೂವರೆ ಇಂಚಿಗೆ ಇಡುತ್ತೇನೆ. ಜೂನ್ ಬಂತೆಂದರೆ ಮೂರು ದಿನಕ್ಕೊಮ್ಮೆ ಕತ್ತರಿಸಲೇಬೇಕು. ಒಂದು ವಾರ ಬಿಟ್ಟು ಕತ್ತರಿಸಿದರೆ ಮೇಲಿನ ಹಸಿರೆಲ್ಲ ಹೋಗಿ ಕೆಳಗಿನ ಒಣ ಕಡ್ಡಿ ಕಾಣುತ್ತದೆ, ಅರ್ಧ ಬೋಳಿಸಿದ ತಲೆ ಹಾಗೆ. ಹೋದ ವರ್ಷ ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದೆ. ಬಾಗಿಲಿಗೆ ಕಾಲನಿ ಸಂಘದ ನೋಟಿಸು ಅಂಟಿಸಿತ್ತು.

ಟ್ರೈನೆಕ್ಸಪ್ಯಾಕ್ ಈಥೈಲ್ ಅಂತ ಒಂದು ಔಷಧಿ ಹೊಡೆದರೆ ಕತ್ತರಿಸುವ ಕೆಲಸ ಅರ್ಧಕ್ಕೆ ಇಳಿಯುತ್ತದೆ ಅನ್ನುತ್ತಾರೆ. ನಿಜಾನಾ? ಹುಲ್ಲು ಸುಟ್ಟು ಹೋಗುವುದಿಲ್ಲ ತಾನೇ? ಬಳಸಿದವರು ಹೇಳಿ.

ಸೋಮಾರಿಮಾಲಿ (ಆಸ್ಟಿನ್) · ಮೇ 11

ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಕುರ್ಚಿ ಹಾಕಿಕೊಂಡು ಕೂತಿದ್ದೇನೆ, ಉತ್ತರ ಬರಲಿ.

ಹಸಿರುಚಾಪೆ (ಬೆಂಗಳೂರು) · ಮೇ 12

ಎರೆಮಣ್ಣು ಅವರೇ, ನಾನು ಒಂದು ಗಾಲ್ಫ್ ಕೋರ್ಸಿನಲ್ಲಿ ಹನ್ನೊಂದು ವರ್ಷ ಹುಲ್ಲು ನೋಡಿಕೊಂಡವನು. ಈಗ ನರ್ಸರಿ ಇದೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಇದು ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಗೊಂಚಲನ್ನು ಜಿಎ ನೀರಿನಲ್ಲಿ ಅದ್ದುತ್ತಾರಲ್ಲ, ಕಾಯಿ ಉದ್ದ ಆಗಲಿ ಅಂತ? ಆ ಜಿಎ ಅಂದರೆ ಜಿಬ್ಬರೆಲಿಕ್ ಆಮ್ಲ. ಗಿಡದೊಳಗೇ ಹುಟ್ಟುವ ಹಾರ್ಮೋನು. ಜೀವಕೋಶವನ್ನು ಹಿಗ್ಗಿಸಿ ಉದ್ದ ಮಾಡುವುದು ಅದರ ಕೆಲಸ. ಇದನ್ನು ಕಂಡುಹಿಡಿದದ್ದೇ ಒಂದು ಭತ್ತದ ರೋಗದಿಂದ. ಸಸಿ ಸುಮ್ನೆ ಉದ್ದುದ್ದ ಬೆಳೆದು ಬಿದ್ದು ಹೋಗುತ್ತಿತ್ತು. ಜಪಾನಿನವರು ಅದಕ್ಕೆ 'ಪೆದ್ದು ಸಸಿ' ರೋಗ ಅಂತ ಹೆಸರಿಟ್ಟಿದ್ದರು. ಶಿಲೀಂಧ್ರವೊಂದು ಬಿಡುವ ವಸ್ತುವೇ ಇದಕ್ಕೆ ಕಾರಣ ಅಂತ 1926ರಲ್ಲಿ ಕುರೊಸಾವಾ ಅನ್ನುವ ವಿಜ್ಞಾನಿ ತೋರಿಸಿದರು.

ನೀವು ಕೇಳಿದ ಔಷಧಿ ಇದರ ಉಲ್ಟಾ. ಗಿಡದಲ್ಲಿ ಜಿಎ ತಯಾರಾಗುವ ಕೊನೆಯ ಹಂತವನ್ನು ತಡೆಯುತ್ತದೆ. ಕೋಶ ಹುಟ್ಟುತ್ತದೆ, ಆದರೆ ಉದ್ದ ಆಗುವುದಿಲ್ಲ. ಹುಲ್ಲು ಸಾಯುವುದಿಲ್ಲ, ನಿದ್ದೆಗೂ ಹೋಗುವುದಿಲ್ಲ. ಗಿಣ್ಣಿನಿಂದ ಗಿಣ್ಣಿಗೆ ಇರುವ ಅಂತರ ಕಮ್ಮಿಯಾಗಿ ಒತ್ತೊತ್ತಾಗುತ್ತದೆ. ಕೋಶ ಚಿಕ್ಕದಾದ್ದರಿಂದ ಬಣ್ಣವೂ ಗಾಢ. ಗಾಲ್ಫ್‌ನವರು ಇದನ್ನು ಹೊಡೆಯುವುದು ಕತ್ತರಿಸುವ ಕೂಲಿ ಉಳಿಸಲಿಕ್ಕೆ ಮಾತ್ರ ಅಲ್ಲ, ಈ ಒತ್ತು ಚಾಪೆಗಾಗಿ.

ಹೊಡೆದ ವಾರದಲ್ಲಿ ಬರ್ಮುಡಾ ಸ್ವಲ್ಪ ಕಂದು ಹಳದಿ ತಿರುಗುವುದುಂಟು. ಗಾಬರಿ ಬೇಡ. ಜೊತೆಗೆ ಕಬ್ಬಿಣದ ದ್ರಾವಣ ಬೆರೆಸಿದರೆ ಅಷ್ಟಾಗಿ ಕಾಣುವುದಿಲ್ಲ. ಎಲೆಯ ಮೂಲಕವೇ ಒಳಗೆ ಹೋಗುತ್ತದೆ, ಒಂದು ಗಂಟೆ ಮಳೆ ಬಾರದಿದ್ದರೆ ಸಾಕು. ಹೊಡೆದ ಕೂಡಲೇ ಮೋವರ್ ಓಡಿಸಬೇಡಿ, ಕೆಲವು ಗಂಟೆ ಬಿಡಿ.

ಇಷ್ಟು ಒಳ್ಳೆಯದು. ಇನ್ನೊಂದು ಮುಖವನ್ನು ಆಮೇಲೆ ಹೇಳುತ್ತೇನೆ, ಈಗ ಲಾರಿ ಬಂದಿದೆ.

ಗೊಬ್ಬರಬೇಡ (ಷಾರ್ಲೆಟ್) · ಮೇ 12

ನನ್ನದು ತಕರಾರು. ಬೆಳೆಯಲಿ ಅಂತ ಯೂರಿಯಾ ಹಾಕುವುದು, ಬೆಳೆಯಬಾರದು ಅಂತ ಔಷಧಿ ಹೊಡೆಯುವುದು. ಒಂದು ಕೈಯಲ್ಲಿ ತುಪ್ಪ ಬಡಿಸಿ ಇನ್ನೊಂದು ಕೈಯಲ್ಲಿ ತೂಕ ಇಳಿಸುವ ಮಾತ್ರೆ ಕೊಟ್ಟ ಹಾಗಾಯಿತು. ಎರೆಮಣ್ಣು ಅವರೇ, ವರ್ಷಕ್ಕೆ ಎಷ್ಟು ಸಾರಜನಕ ಹಾಕುತ್ತೀರಿ? ನಿಜ ಹೇಳಿ.

ಎರೆಮಣ್ಣು · ಮೇ 12

ಸಿಕ್ಕಿಬಿದ್ದೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ತಿಂಗಳಿಗೊಮ್ಮೆ, ಸಾವಿರ ಚದರಡಿಗೆ ಒಂದು ಪೌಂಡ್ ಸಾರಜನಕ. ಚೀಲದ ಮೇಲೆ ಹಾಗೇ ಬರೆದಿತ್ತು.

ಗೊಬ್ಬರಬೇಡ · ಮೇ 12

ಚೀಲ ಮಾರುವವರು ಇನ್ನೇನು ಬರೆಯುತ್ತಾರೆ? ಅರ್ಧಕ್ಕೆ ಇಳಿಸಿ. ನೀರನ್ನೂ ವಾರಕ್ಕೆ ಒಂದು ಇಂಚಿಗೆ ನಿಲ್ಲಿಸಿ. ಮೂರು ದಿನಕ್ಕೊಮ್ಮೆ ಕತ್ತರಿಸುವುದು ತಾನಾಗೇ ಐದು ದಿನಕ್ಕೆ ಹೋಗುತ್ತದೆ. ದುಡ್ಡೂ ಉಳಿಯಿತು.

ಹಸಿರುಚಾಪೆ · ಮೇ 13

ಗೊಬ್ಬರಬೇಡ ಸರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಮೊದಲ ಕೆಲಸ ಅದೇ. ಹೇಗೂ ಔಷಧಿ ಹೊಡೆದ ಹುಲ್ಲಿಗೆ ಅಷ್ಟು ಗೊಬ್ಬರ ಬೇಕಾಗುವುದೂ ಇಲ್ಲ. ಕತ್ತರಿಸಿ ಬಿಸಾಡುವುದು ಕಮ್ಮಿಯಾದರೆ ಮಣ್ಣಿನಿಂದ ಹೊರಗೆ ಹೋಗುವುದೂ ಕಮ್ಮಿ ಅಲ್ವಾ?

ಆದರೆ ಒಂದು ಮಾತು. 419 ಹುಟ್ಟಿದ್ದೇ ಓಡುವುದಕ್ಕೆ. ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ 1960ರಲ್ಲಿ ಹೊರತಂದ ತಳಿ. ನಮ್ಮ ಗರಿಕೆಯ ಜಾತಿಯನ್ನೂ ಆಫ್ರಿಕಾದ ಇನ್ನೊಂದು ಸಣ್ಣೆಲೆಯ ಹುಲ್ಲನ್ನೂ ಕೂಡಿಸಿ ಬಂದದ್ದು. ಅದನ್ನು ಉಪವಾಸ ಕೆಡವಿದರೆ ಬೆಳೆಯುವುದು ನಿಧಾನ ಆಗುತ್ತದೆ, ಜೊತೆಗೆ ತೆಳ್ಳಗೂ ಆಗುತ್ತದೆ. ಖಾಲಿ ಜಾಗ ಕಂಡರೆ ಕಳೆ ಸುಮ್ಮನಿರುತ್ತದಾ? ಹಾಗಾಗಿ ಗೊಬ್ಬರ ಇಳಿಸಿ, ಪೂರ್ತಿ ನಿಲ್ಲಿಸಬೇಡಿ.

ಈಗ ಇನ್ನೊಂದು ಮುಖ. ಇದನ್ನು ಒಂದು ಸಲ ಹೊಡೆದು ಮರೆತುಬಿಡುವ ಹಾಗಿಲ್ಲ. ಕೊನೆಯ ಹಂತ ಮಾತ್ರ ತಡೆದಿರುತ್ತೇವೆ. ಅದಕ್ಕೂ ಹಿಂದಿನ ಸರಕು ಗಿಡದೊಳಗೆ ಕೂಡಿಕೊಳ್ಳುತ್ತಾ ಇರುತ್ತದೆ. ಔಷಧಿಯ ಬಲ ಇಳಿದ ಮೇಲೆ ತೂಬು ತೆಗೆದ ಕೆರೆ ಹಾಗೆ. ಹೊಡೆಯದೇ ಇದ್ದ ಹುಲ್ಲಿಗಿಂತ ಜೋರಾಗಿ ಏಳುತ್ತದೆ. ಇದಕ್ಕೆ ರೀಬೌಂಡ್ ಅನ್ನುತ್ತಾರೆ. ಉಳಿಸಿದ್ದನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಊರಿಗೆ ಹೋಗುವ ಹಿಂದಿನ ದಿನ ಹೊಡೆದು ಮೂರು ವಾರ ಬಿಟ್ಟು ಬಂದರೆ ಕಾಲನಿಯವರ ನೋಟಿಸು ಖಂಡಿತ ತಪ್ಪುವುದಿಲ್ಲ.

ಮಾವಿನತೋಪು (ಶ್ರೀನಿವಾಸಪುರ) · ಮೇ 14

ನಾನು ಲಾನ್ ಮನುಷ್ಯ ಅಲ್ಲ. ಮಾವಿನ ತೋಟದವನು. ಆದರೂ ನನ್ನ ಕಥೆ ಒಂದು ಕೇಳಿ.

ನಮ್ಮಲ್ಲಿ ಮಾವಿಗೆ ಕಲ್ಟಾರ್ ಹಾಕುವುದು ಎಲ್ಲರಿಗೂ ಗೊತ್ತು. ಪ್ಯಾಕ್ಲೊಬ್ಯುಟ್ರಜಾಲ್. ಮರದ ಸುತ್ತ ಮಣ್ಣಿಗೆ ಹಾಕುತ್ತೇವೆ. ಚಿಗುರು ತಡೆದು ಹೂ ಬಿಡಿಸುತ್ತದೆ. ಮೂರು ವರ್ಷದ ಹಿಂದೆ ಮನೆ ಮುಂದೆ ಮಗಳ ಮದುವೆಗೆ ಅಂತ ಹುಲ್ಲು ಹಾಸಿದ್ದೆವು, ಸೆಲೆಕ್ಷನ್ ಒನ್. ಚೆನ್ನಾಗಿ ಬಂತು. ಕತ್ತರಿಸಿ ಕತ್ತರಿಸಿ ಸಾಕಾಯಿತು. ಡಬ್ಬಿಯಲ್ಲಿ ಕಲ್ಟಾರ್ ಸ್ವಲ್ಪ ಉಳಿದಿತ್ತು. ಮರಕ್ಕೆ ಕಡಿವಾಣ ಹಾಕುವುದು ಹುಲ್ಲಿಗೆ ಹಾಕುವುದಿಲ್ವಾ ಅಂತ ಒಂದು ಬಕೆಟ್ ನೀರಿಗೆ ಸುರಿದು ಅಂದಾಜಿಗೆ ಚೆಲ್ಲಿದೆ.

ಕಡಿವಾಣ ಬಿತ್ತು. ಎಂಥದ್ದು ಅಂತೀರಿ! ಮೊದಲ ತಿಂಗಳು ಕಡು ಹಸಿರು, ಮುಟ್ಟಿದರೆ ಬ್ರಶ್ಶಿನ ಹಾಗೆ. ಮನೆಗೆ ಬಂದವರೆಲ್ಲ ಹೊಗಳಿದರು. ಆಮೇಲೆ ಮದುವೆ ಶಾಮಿಯಾನದ ಕಂಬ ನೆಟ್ಟ ಕಡೆಯೆಲ್ಲ ಗುಂಡಿ ಬಿದ್ದು ಹುಲ್ಲು ಸತ್ತಿತ್ತು. ಅಲ್ಲಿಗೆ ಹುಲ್ಲು ಹಬ್ಬಿ ಮುಚ್ಚಿಕೊಳ್ಳಬೇಕು ತಾನೇ? ಹಬ್ಬಲೇ ಇಲ್ಲ. ಬಳ್ಳಿ ಒಂದು ಬೆರಳಿನಷ್ಟು ಬಂದು ಮುದುಡಿಕೊಂಡು ಕೂತಿತು. ಮುಂದಿನ ಮಳೆಗಾಲದವರೆಗೂ ಆ ತೂತುಗಳು ಹಾಗೇ ಇದ್ದವು. ಬೀಗರು ಬಂದಾಗೆಲ್ಲ ನಮ್ಮ ಮನೆಯವಳು ಅವುಗಳ ಮೇಲೆ ಹೂಕುಂಡ ಇಡುತ್ತಿದ್ದಳು.

ಹಸಿರುಚಾಪೆ · ಮೇ 14

ಅಣ್ಣಾ, ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ಆ ಡಬ್ಬಿಯ ಮೇಲೆ ಮಾವು ಅಂತ ಇತ್ತು, ಲಾನ್ ಅಂತ ಇರಲಿಲ್ಲ ಅಲ್ವಾ?

ಇಲ್ಲಿ ಎಲ್ಲರೂ ಗಮನಿಸಬೇಕಾದದ್ದು ಇದೇ. ಟ್ರೈನೆಕ್ಸಪ್ಯಾಕ್ ಎಲೆಯಿಂದ ಒಳಗೆ ಹೋಗಿ ಗಿಡದೊಳಗೇ ಬೇಗ ಕರಗಿ ಹೋಗುತ್ತದೆ. ಪ್ಯಾಕ್ಲೊಬ್ಯುಟ್ರಜಾಲ್ ಬೇರಿನಿಂದ ಹೋಗುವ ಸರಕು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಜಿಎ ತಯಾರಿಯನ್ನು ತುಂಬಾ ಮೊದಲ ಹಂತದಲ್ಲೇ ತಡೆಯುತ್ತದೆ. ಗಾಲ್ಫ್ ಕೋರ್ಸಿನಲ್ಲಿ ಇದನ್ನೂ ಬಳಸುವುದುಂಟು, ಆದರೆ ಗ್ರಾಮ್ ಲೆಕ್ಕದಲ್ಲಿ, ತಿಳಿದವರ ಕೈಯಲ್ಲಿ. ಮನೆ ಲಾನ್‌ಗೆ ಇದು ಬೇಡವೇ ಬೇಡ. ಹತ್ತಿಗೆ ಹೊಡೆಯುವ ಮೆಪಿಕ್ವಾಟ್ ಉಳಿದಿದೆ, ಅದನ್ನು ಹಾಕಲಾ ಅಂತ ಮುಂದೆ ಯಾರೂ ಕೇಳಬೇಡಿ. ದಯವಿಟ್ಟು.

ಸೋಮಾರಿಮಾಲಿ · ಮೇ 14

ಹೂಕುಂಡದ ಉಪಾಯ ಬರೆದಿಟ್ಟುಕೊಂಡೆ.

ಎರೆಮಣ್ಣು · ಜೂನ್ 3

ಸ್ನೇಹಿತರೇ, ಹೊಡೆದೆ. ಮತ್ತು ಕೆಟ್ಟೆ. ನನ್ನದೇ ತಪ್ಪು, ಪೂರ್ತಿ ಹೇಳುತ್ತೇನೆ.

ಮೇ 18ಕ್ಕೆ ಹೊಡೆದದ್ದು. ಔಷಧಿ 11.3 ಪರ್ಸೆಂಟಿನದು. ಲೇಬಲ್‌ನಲ್ಲಿ ಬರ್ಮುಡಾ ಅಂತ ಎರಡು ಸಾಲು ಇವೆ. ಒಂದು ನಾಟಿ ಬರ್ಮುಡಾ, ಇನ್ನೊಂದು ಹೈಬ್ರಿಡ್. ನಾನು ಕನ್ನಡಕ ಇಲ್ಲದೆ ಗ್ಯಾರೇಜಿನಲ್ಲಿ ನಿಂತು ಮೊದಲ ಸಾಲನ್ನೇ ಓದಿದೆ. ಸಾವಿರ ಚದರಡಿಗೆ 0.75 ಔನ್ಸ್, ಅಂದರೆ ಸುಮಾರು 22 ಮಿ.ಲೀ. ಹೈಬ್ರಿಡ್‌ಗೆ ಬೇಕಿದ್ದದ್ದು ಅದರ ಅರ್ಧ, 11 ಮಿ.ಲೀ. ಅಲ್ಲಿಗೇ ಡಬಲ್ ಆಯಿತು.

ಸಾಲದು ಅಂತ ಬೆನ್ನಿನ ಸ್ಪ್ರೇಯರ್ ಹಾಕಿಕೊಂಡು ಹೋಗುವಾಗ ಎಲ್ಲಿ ಹೊಡೆದಿದ್ದೇನೆ ಅಂತ ಕಾಣಲಿಲ್ಲ. ಬಿಟ್ಟುಹೋದರೆ ಅಂತ ಒಂದು ಪಟ್ಟಿಯ ಅಂಚಿನ ಮೇಲೆ ಇನ್ನೊಂದು ಪಟ್ಟಿ ತಂದೆ. ಅಲ್ಲಿ ನಾಲ್ಕು ಪಾಲು ಬಿತ್ತು. ಎಂಟನೇ ದಿನಕ್ಕೆ ಲಾನ್ ಏನಾಗಿತ್ತು ಗೊತ್ತಾ? ಅಪ್ಪಟ ಪಟ್ಟಾಪಟ್ಟಿ ಚಡ್ಡಿ. ಒಂದು ಪಟ್ಟಿ ಹಸಿರು, ಒಂದು ಪಟ್ಟಿ ಹಳೇ ಹಿತ್ತಾಳೆ ಬಣ್ಣ. ಮಗ ಮೇಲಿನ ಕಿಟಕಿಯಿಂದ ಫೋಟೋ ತೆಗೆದು ಅಜ್ಜನಿಗೆ ಕಳಿಸಿದ. ಅಪ್ಪ ಫೋನ್ ಮಾಡಿ "ಅಲ್ಲಿ ಏನಪ್ಪಾ, ರಂಟೆ ಹೊಡೆದಿದ್ದೀಯಾ?" ಅಂದರು.

ಹಿತ್ತಾಳೆ ಪಟ್ಟಿಗಳು ಹದಿನಾರು ದಿನವಾದರೂ ಕದಲಿಲ್ಲ. ಏನು ಮಾಡಲಿ?

ಗೊಬ್ಬರಬೇಡ · ಜೂನ್ 3

ಹೇಳಿದ್ದೆ ಅನ್ನುವುದಿಲ್ಲ. ಆದರೆ ಹೇಳಿದ್ದೆ.

ಹಸಿರುಚಾಪೆ · ಜೂನ್ 4

ಸತ್ತಿಲ್ಲ. ಒಂದು ಕಡೆ ಕೂತು ಬೆರಳಿನಲ್ಲಿ ಹುಲ್ಲು ಬಿಡಿಸಿ ಬುಡ ನೋಡಿ. ಬುಡ ಬಿಳಿ ಹಸಿರಾಗಿದ್ದರೆ ಜೀವ ಇದೆ. ಮಾಮೂಲಿ ನೀರು ಕೊಡಿ, ತೆಳುವಾಗಿ ಗೊಬ್ಬರ ಕೊಡಿ, ಕಾಯಿರಿ. ಜಿಎ ಹೊಡೆದು ಇದನ್ನು ತಿರುಗಿಸುವ ದಾರಿಯೂ ಇದೆ, ದ್ರಾಕ್ಷಿಯವರದ್ದೇ ಔಷಧಿ. ಆದರೆ ನಿಮ್ಮ ಕೈಯ ಅಳತೆ ಈಗಷ್ಟೇ ನೋಡಿದ್ದೇನೆ. ಬೇಡ.

ಮುಂದಿನ ಸಲಕ್ಕೆ ಒಂದು ಮಾತು. ಸ್ಪ್ರೇಯರ್‌ಗೆ ಮೊದಲು ಬರೀ ನೀರು ತುಂಬಿ. ಸಾವಿರ ಚದರಡಿ ಅಳೆದು ಗುರುತು ಹಾಕಿ. ನೀವು ಯಾವಾಗಲೂ ನಡೆಯುವ ಗತಿಯಲ್ಲಿ ನಡೆದು ಎಷ್ಟು ನೀರು ಖರ್ಚಾಯಿತು ಅಂತ ನೋಡಿ. ಅಷ್ಟು ನೀರಿಗೆ ಆ ಸಾವಿರ ಚದರಡಿಯ ಔಷಧಿ. ನಮ್ಮ ಕೋರ್ಸಿನಲ್ಲಿ ಹೊಸ ಹುಡುಗರಿಗೆ ಒಂದು ವಾರ ಬರೀ ನೀರನ್ನೇ ಹೊಡೆಸುತ್ತಿದ್ದೆವು, ಸಿಮೆಂಟ್ ನೆಲದ ಮೇಲೆ. ಒಣಗುವುದರಲ್ಲಿ ಎಲ್ಲಿ ಜಾಸ್ತಿ ಬಿದ್ದಿದೆ, ಎಲ್ಲಿ ಕಮ್ಮಿ ಅಂತ ಕಣ್ಣಿಗೇ ಕಾಣುತ್ತದೆ. ಜೊತೆಗೆ ನೀಲಿ ಬಣ್ಣದ ಗುರುತು ದ್ರಾವಣ ಸಿಗುತ್ತದೆ, ಬೆರೆಸಿದರೆ ಹೊಡೆದ ಜಾಗ ಗೊತ್ತಾಗುತ್ತದೆ. ಪ್ಯಾಂಟಿಗೆ ಬಿದ್ದರೆ ಹೋಗುವುದಿಲ್ಲ, ಹಳೇ ಪ್ಯಾಂಟ್ ಹಾಕಿ.

ಮೊದಲ ಸಲ ಲೇಬಲ್ ಪ್ರಮಾಣದ ಅರ್ಧದಿಂದ ಶುರು ಮಾಡುವುದು ನನ್ನ ರೂಢಿ. ಲೇಬಲ್ ದಾಟುವುದು ಮಾತ್ರ ಎಂದಿಗೂ ಇಲ್ಲ.

ಸೋಮಾರಿಮಾಲಿ · ಜೂನ್ 5

ನಾನೂ ಅರ್ಧ ಪ್ರಮಾಣ ಹೊಡೆದೆ, ಮೇ 20ಕ್ಕೆ. ಚೆನ್ನಾಗಿದೆ. ವಾರಕ್ಕೊಂದೇ ಸಲ ಮೋವರ್. ಲೇಬಲ್‌ನಲ್ಲಿ ನಾಲ್ಕು ವಾರ ಅಂತಿದೆ, ಹಾಗಾಗಿ ಜೂನ್ 17ಕ್ಕೆ ಮುಂದಿನದು. ಕ್ಯಾಲೆಂಡರಿನಲ್ಲಿ ಹಾಕಿದ್ದೇನೆ.

ಹಸಿರುಚಾಪೆ · ಜೂನ್ 5

ಕ್ಯಾಲೆಂಡರ್ ಹರಿದುಹಾಕಿ ಸರ್. ಇಲ್ಲೇ ಎಲ್ಲರೂ ಎಡವುವುದು.

ಕುಕ್ಕರಿನಲ್ಲಿ ಬೇಳೆ ಇಟ್ಟಾಗ ನಿಮಿಷ ಎಣಿಸುತ್ತೇವಾ? ಮೂರು ಕೂಗು ಅನ್ನುತ್ತೇವೆ. ಉರಿ ಜೋರಿದ್ದರೆ ಬೇಗ ಕೂಗುತ್ತದೆ, ಸಣ್ಣಗಿದ್ದರೆ ತಡ. ಹುಲ್ಲಿನೊಳಗೆ ಈ ಔಷಧಿ ಕರಗುವುದೂ ಹಾಗೇ. ಬಿಸಿಲು ಹೆಚ್ಚಿದಷ್ಟೂ ಬೇಗ. ಅದಕ್ಕೇ ದಿನ ಬಿಟ್ಟು ಶಾಖ ಎಣಿಸುತ್ತಾರೆ, ಗ್ರೋಯಿಂಗ್ ಡಿಗ್ರಿ ಡೇ ಅಂತ. ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ ಕೂಡಿಸಿ, ಎರಡರಿಂದ ಭಾಗಿಸಿ, 10 ಕಳೆಯಿರಿ, ಸೆಲ್ಸಿಯಸ್‌ನಲ್ಲಿ. ಬಿಸಿ ಹವೆಯ ಹುಲ್ಲಿಗೆ ಈ 10. ಬಂದದ್ದನ್ನು ದಿನಾ ಕೂಡಿಸುತ್ತಾ ಹೋಗಿ.

ಈ ಲೆಕ್ಕವನ್ನು ಹುಲ್ಲಿಗೆ ಮೊದಲು ಚೆನ್ನಾಗಿ ಕೂರಿಸಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ರೂಸರ್ ಮತ್ತು ಸೋಲ್ಡಾಟ್, 2011ರಲ್ಲಿ. ಅದು ಚಳಿ ದೇಶದ ಬೆಂಟ್ ಹುಲ್ಲಿಗೆ, 10ರ ಬದಲು ಸೊನ್ನೆ ಡಿಗ್ರಿಯಿಂದ ಎಣಿಸಿ, ಮೊತ್ತ 200 ಆದಾಗ ಮತ್ತೆ ಹೊಡೆಯುವುದು. ಆಮೇಲೆ ಗಾಲ್ಫ್ ಗ್ರೀನಿನ, ಅಂದರೆ ಚೆಂಡು ಬೀಳುವ ಗುಂಡಿಯ ಸುತ್ತಲಿನ ಜಾಗದ, ಕುಳ್ಳ ಬರ್ಮುಡಾಕ್ಕೂ ಮಾಡಿದರು. ಅಲ್ಲಿ 10ರಿಂದ ಎಣಿಸಿ ಸುಮಾರು 220ಕ್ಕೆ ಮತ್ತೆ ಹೊಡೆಯಬೇಕು ಅಂತ ಬಂತು.

ಈಗ ನಿಮ್ಮ ಊರಿನ ಲೆಕ್ಕ ನೋಡಿ. ಏಪ್ರಿಲ್‌ನಲ್ಲಿ 25 ಮತ್ತು 13 ಇದ್ದ ದಿನ ಸಿಗುವುದು 9. 220 ಮುಟ್ಟಲು 25 ದಿನ ಬೇಕು. ಜುಲೈನಲ್ಲಿ 36 ಮತ್ತು 25 ಇದ್ದರೆ ದಿನಕ್ಕೆ 20.5. ಹನ್ನೊಂದೇ ದಿನಕ್ಕೆ ಮುಗಿಯಿತು. ನೀವು ನಾಲ್ಕು ವಾರ ಕಾಯುತ್ತಾ ಕೂತರೆ ಮೊದಲ ಹನ್ನೊಂದು ದಿನ ಸುಖ, ಉಳಿದ ದಿನ ರೀಬೌಂಡ್. ಆಮೇಲೆ ಔಷಧಿ ಕೆಲಸ ಮಾಡಲಿಲ್ಲ ಅಂತ ಬೈಯುವುದು.

220 ಅನ್ನುವುದು ಮೂರ್ನಾಲ್ಕು ಮಿ.ಮೀ.ಗೆ ಕತ್ತರಿಸುವ ಗ್ರೀನಿನ ಲೆಕ್ಕ. ಒಂದೂವರೆ ಇಂಚಿನ ಮನೆ ಲಾನ್‌ಗೆ ಅದೇ ವೇದವಾಕ್ಯ ಅಲ್ಲ. ಅಲ್ಲಿ ಪ್ರಮಾಣವೂ ಬೇರೆ. ಆದರೆ ದಿಕ್ಕು ಅದೇ: ಸೆಖೆಯಲ್ಲಿ ಹತ್ತಿರ ಹತ್ತಿರ, ತಂಪಿನಲ್ಲಿ ದೂರ ದೂರ. ಮೋವರ್ ಚೀಲದಲ್ಲಿ ಬೀಳುವ ಹುಲ್ಲನ್ನು ನೋಡುತ್ತಿರಿ. ಎರಡು ಸಲದಿಂದ ಚೀಲ ಭಾರ ಆಗುತ್ತಿದೆ ಅಂದರೆ ಹೊತ್ತಾಯಿತು ಅಂತ.

ಸೋಮಾರಿಮಾಲಿ · ಜೂನ್ 5

ಸೋಮಾರಿತನಕ್ಕೆ ಅಂತ ಬಂದರೆ ಇಲ್ಲಿ ದಿನಾ ಲೆಕ್ಕ ಬರೆಯಬೇಕಾ! ಆಯಿತು, ಮಗಳಿಗೆ ಎಕ್ಸೆಲ್ ಹಾಳೆ ಮಾಡಿಕೊಡು ಅಂದಿದ್ದೇನೆ.

ಮಲ್ಲಿಗೆಬಳ್ಳಿ (ಬೆಂಗಳೂರು) · ಜೂನ್ 9

ನಮ್ಮ ಮನೆ ಮುಂದೆ 200 ಚದರಡಿ ಮೆಕ್ಸಿಕನ್ ಹುಲ್ಲಿದೆ. ಒಂದು ಬದಿ ಹೊಂಗೆ ಮರದ ನೆರಳು, ಅಲ್ಲಿ ಹುಲ್ಲು ಸೊರಗಿ ಉದ್ದವಾಗಿ ಮಲಗುತ್ತದೆ. ಈ ಔಷಧಿ ಬೇಕಾ?

ಹಸಿರುಚಾಪೆ · ಜೂನ್ 9

ಬೇಡ ಮೇಡಂ. ಇಲ್ಲಿ ಮೆಕ್ಸಿಕನ್ ಅಂತ ಮಾರುವುದು ಜೋಯ್ಸಿಯಾ ಜಾತಿಯ ಹುಲ್ಲು. ಅದು ಮೊದಲೇ ನಿಧಾನ. 200 ಚದರಡಿಗೆ ಕತ್ತರಿ ಸಾಕು.

ಆದರೆ ನೆರಳಿನ ಪ್ರಶ್ನೆ ಒಳ್ಳೆಯದು ಕೇಳಿದಿರಿ. ನೆರಳಿನಲ್ಲಿ ಹುಲ್ಲು ಬೆಳಕು ಹುಡುಕಿಕೊಂಡು ಉದ್ದ ಆಗುತ್ತದೆ, ಇರುವ ಶಕ್ತಿಯನ್ನೆಲ್ಲ ಅದಕ್ಕೇ ಖರ್ಚು ಮಾಡುತ್ತದೆ. ಆ ಉದ್ದವನ್ನು ತಡೆದರೆ ಶಕ್ತಿ ಉಳಿಯುತ್ತದೆ. ಡೈಮಂಡ್ ಅನ್ನುವ ಜೋಯ್ಸಿಯಾ ತಳಿಯ ಮೇಲೆ ಟೆಕ್ಸಾಸಿನವರು ಇದನ್ನು ನೆರಳಿನಲ್ಲಿ ಮಾಡಿ ನೋಡಿದ್ದಾರೆ, 1999ರಲ್ಲಿ ಅಚ್ಚಾಗಿದೆ. ಹೊಡೆದ ಹುಲ್ಲು ಹೊಡೆಯದ್ದಕ್ಕಿಂತ ಚೆನ್ನಾಗಿ ತಡೆದುಕೊಂಡಿತು. ನಿಮಗೆ ಅಷ್ಟೆಲ್ಲ ಬೇಡ. ಹೊಂಗೆಯ ಕೆಳಗಿನ ಎರಡು ಕೊಂಬೆ ತೆಗೆಸಿ. ಅಥವಾ ಅಲ್ಲಿ ಹುಲ್ಲಿನ ಆಸೆ ಬಿಟ್ಟು ನಾಲ್ಕು ಕಲ್ಲು, ಒಂದು ಬೆಂಚು ಹಾಕಿಸಿ. ಸಂಜೆ ಕಾಫಿ ಕುಡಿಯಬಹುದು.

ತಾಂಪಾಕನ್ನಡಿಗ · ಜೂನ್ 21

ತೆನೆ ಬರುವುದು ನಿಲ್ಲುತ್ತದಾ ಇದರಿಂದ? ನಮ್ಮ ಬರ್ಮುಡಾದಲ್ಲಿ ಕತ್ತರಿಸಿದ ಎರಡೇ ದಿನಕ್ಕೆ ತೆನೆ.

ಹಸಿರುಚಾಪೆ · ಜೂನ್ 21

ಇದನ್ನು ನಂಬಿ ಕೂರಬೇಡಿ. ಟ್ರೈನೆಕ್ಸಪ್ಯಾಕ್ ಎಲೆ ಉದ್ದ ಆಗುವುದನ್ನು ತಡೆಯುತ್ತದೆ, ತೆನೆಯನ್ನು ಸರಿಯಾಗಿ ತಡೆಯುವುದಿಲ್ಲ. ನೀರು, ಗೊಬ್ಬರ ಕೊರತೆ ಇದೆಯಾ ನೋಡಿ. ಹಸಿದ ಬರ್ಮುಡಾ ತೆನೆ ಜಾಸ್ತಿ ಬಿಡುತ್ತದೆ. ಮತ್ತೆ ಮೋವರ್ ಅಲಗು ಮಸೆಯಿಸಿ.

ಎರೆಮಣ್ಣು · ಜುಲೈ 6

ಸುದ್ದಿ. ಪಟ್ಟೆಗಳು ಹೋದವು, ಐದು ವಾರ ಬೇಕಾಯಿತು. ಗೊಬ್ಬರ ಅರ್ಧಕ್ಕೆ ಇಳಿಸಿದೆ (ಗೊಬ್ಬರಬೇಡ ಸರ್, ಓದಿಕೊಳ್ಳಿ). ಜೂನ್ 24ಕ್ಕೆ ಮತ್ತೆ ಹೊಡೆದೆ. ಕನ್ನಡಕ ಹಾಕಿಕೊಂಡು, ಗ್ಯಾರೇಜ್ ಮುಂದಿನ ಸಿಮೆಂಟಿನ ಮೇಲೆ ನೀರು ಹೊಡೆದು ನೋಡಿ, ನೀಲಿ ಬಣ್ಣ ಬೆರೆಸಿ, ಐದೂವರೆ ಮಿ.ಲೀ. ಲೆಕ್ಕದಲ್ಲಿ. ಈ ಸಲ ಬಣ್ಣ ಕೆಡಲಿಲ್ಲ. ಹನ್ನೆರಡು ದಿನದಲ್ಲಿ ಎರಡು ಸಲ ಮಾತ್ರ ಕತ್ತರಿಸಿದ್ದೇನೆ. ಸಂಜೆ ಬರಿಗಾಲಲ್ಲಿ ನಡೆದರೆ ಕಾಲು ಒಳಗೆ ಇಳಿಯುವುದಿಲ್ಲ, ಹುಲ್ಲೇ ಎತ್ತಿ ಹಿಡಿದ ಹಾಗಿದೆ.

ಒಂದು ತೊಂದರೆ. ನಾಯಿ ಅಗೆದ ಒಂದು ಮೂಲೆ ಮುಚ್ಚಿಕೊಳ್ಳುತ್ತಿಲ್ಲ. ಮಾವಿನತೋಪು ಅಣ್ಣನ ಶಾಮಿಯಾನದ ಗುಂಡಿಗಳು ನೆನಪಾದವು.

ಹಸಿರುಚಾಪೆ · ಜುಲೈ 7

ಆ ಮೂಲೆಗೆ ಹೊಡೆಯಬೇಡಿ, ಅಷ್ಟೇ. ಹಬ್ಬಬೇಕಾದ ಕಡೆ ಕಡಿವಾಣ ಬೇಡ. ಹೊಸ ಹಾಸು, ಗಾಯವಾದ ಜಾಗ, ನೀರಿಲ್ಲದೆ ಬಾಡಿದ ಹುಲ್ಲು, ಈ ಮೂರಕ್ಕೂ ಹೊಡೆಯಬಾರದು.

ಮಾವಿನತೋಪು · ಜುಲೈ 7

ಹೂಕುಂಡ ಇಡಿ ಅಂತ ನಾನು ಹೇಳುವುದಿಲ್ಲ.

ಗರಿಕೆಪ್ರಿಯೆ (ಹ್ಯೂಸ್ಟನ್) · ಆಗಸ್ಟ್ 30

ಹಬ್ಬ ಹತ್ತಿರ ಬಂತು. ಬರ್ಮುಡಾ ಅಂದರೆ ಗರಿಕೆನೇ ಅಲ್ವಾ? ಔಷಧಿ ಹೊಡೆದ ಲಾನ್‌ನಿಂದ ಕಿತ್ತು ಗಣಪತಿಗೆ ಏರಿಸಬಹುದಾ? ತಮಾಷೆಗೆ ಕೇಳುತ್ತಿಲ್ಲ. ನಮ್ಮತ್ತೆ ಪೂಜೆಯಾದ ಮೇಲೆ ಒಂದೆರಡು ಎಸಳು ಬಾಯಿಗೂ ಹಾಕಿಕೊಳ್ಳುತ್ತಾರೆ.

ಹಸಿರುಚಾಪೆ · ಆಗಸ್ಟ್ 30

ಬೇಡವೇ ಬೇಡ ಅಕ್ಕ. ಹೊಡೆದ ಹುಲ್ಲು ಬಾಯಿಗೂ ಬೇಡ, ದನಕ್ಕೂ ಬೇಡ. ನಾಟಿ ಬರ್ಮುಡಾ ನಮ್ಮ ಗರಿಕೆಯೇ, 419 ಅರ್ಧ ಗರಿಕೆ. ಔಷಧಿ ಬೀಳದ ಕಡೆಯಿಂದ ನಾಲ್ಕು ಬಳ್ಳಿ ತಂದು ಕುಂಡದಲ್ಲಿ ಹಾಕಿಕೊಳ್ಳಿ. ಎರಡು ವಾರಕ್ಕೆ ಪೂಜೆಗೆ ಆಗುವಷ್ಟು ಬರುತ್ತದೆ.

ಎರೆಮಣ್ಣು · ಸೆಪ್ಟೆಂಬರ್ 16

ನಮ್ಮ ಮನೆಯಲ್ಲೂ ಇದೇ ಮಾತು ಬಂದು ಹೆಂಡತಿ ಜೂನ್‌ನಲ್ಲೇ ಒಂದು ಕುಂಡಕ್ಕೆ ಗರಿಕೆ ಹಾಕಿದ್ದಳು. ಹೊಡೆಯುವ ದಿನ ಅದನ್ನು ಒಳಗೆ ತಂದಿಡುತ್ತಿದ್ದಳು. ಹಬ್ಬದ ದಿನ ಕುಂಡದ ಬಳ್ಳಿಯನ್ನೂ ಲಾನಿನ ಬಳ್ಳಿಯನ್ನೂ ಪಕ್ಕಪಕ್ಕ ಇಟ್ಟು ಮಗನ ಸ್ಕೇಲಿನಲ್ಲಿ ಅಳೆದೆ. ಕುಂಡದ್ದು ಗಿಣ್ಣಿನಿಂದ ಗಿಣ್ಣಿಗೆ 5 ಸೆಂ.ಮೀ. ಲಾನಿನದು ಒಂದೂವರೆ. ತಳಿ ಬೇರೆ ಅಂತ ಗೊತ್ತು, ಆದರೂ ಹಸಿರುಚಾಪೆ ಅವರು ಮೇ ತಿಂಗಳಲ್ಲಿ ಹೇಳಿದ್ದು ಆಗ ಕಣ್ಣಿಗೆ ಕಂಡಿತು.

ಇನ್ನೊಂದು ಸಲ ಹೊಡೆಯಬೇಕಾ ಈ ವರ್ಷ? ಶಾಖದ ಲೆಕ್ಕ 190ಕ್ಕೆ ಬಂದಿದೆ.

ಹಸಿರುಚಾಪೆ · ಸೆಪ್ಟೆಂಬರ್ 17

ಬಿಟ್ಟುಬಿಡಿ. ರಾತ್ರಿ ತಂಪಾಗುತ್ತಾ ಬಂದ ಹಾಗೆ ಬೆಳವಣಿಗೆ ತಾನೇ ಇಳಿಯುತ್ತದೆ. ನಿಮ್ಮಲ್ಲಿ ನವೆಂಬರ್‌ನಲ್ಲಿ ಮೊದಲ ಹಿಮ ಬಿದ್ದರೆ ಹುಲ್ಲು ಮಲಗುತ್ತದೆ. ಅದಕ್ಕೂ ಮುಂಚೆ ಒಂದಿಷ್ಟು ಮೈತುಂಬಿಕೊಳ್ಳಲಿ. ಮುಂದಿನ ವರ್ಷ ಪೂರ್ತಿ ಹಸಿರಾಗಿ ಎರಡು ಮೂರು ಸಲ ಕತ್ತರಿಸಿದ ಮೇಲೆಯೇ ಶುರು ಮಾಡಿ.

ಎರೆಮಣ್ಣು · ಸೆಪ್ಟೆಂಬರ್ 17

ಸರಿ. ಉಳಿದ ಡಬ್ಬಿ ಗ್ಯಾರೇಜಿನ ಮೇಲಿನ ಕಪಾಟಿಗೆ ಹೋಯಿತು. ಮೇಲೆ ಮಾರ್ಕರಿನಲ್ಲಿ 'ಹೈಬ್ರಿಡ್, ಎರಡನೇ ಸಾಲು ಓದು' ಅಂತ ಬರೆದಿದ್ದೇನೆ. ರೀಬೌಂಡ್ ಶುರುವಾದ ಹಾಗಿದೆ, ಶನಿವಾರ ಎರಡು ಸಲ ಮೋವರ್ ಓಡಿಸಬೇಕಾಗುತ್ತೇನೋ.